ಅಪ್ಪನ ಮೀಸೆಯ ಬಣ್ಣ, ಅಮ್ಮನ ಚೌರಿ

ಹೋದ ತಿಂಗಳು ಮಗಳ ಒತ್ತಾಯಕ್ಕೆ ವಿಜಯನಗರದ ಒಂದು ಬ್ಯೂಟಿ ಪಾರ್ಲರಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ನನ್ನ ಜಡೆ ಬಿಚ್ಚಿ, ಕೂದಲನ್ನು ಹಿಂದೆ ಮುಂದೆ ಹರವಿ ನೋಡಿ, "ಆಂಟಿ, ಉದ್ದ ಹಾಗೇ ಇರ್ಲಿ, ಲೇಯರ್ಸ್ ಮಾಡ್ತೀನಿ. ಬಿಳೀದನ್ನ ಮುಚ್ಚೋದು ಬೇಡ. ಅದಕ್ಕೆ ಹೊಂದೋ ಹಾಗೆ ಅಲ್ಲಲ್ಲಿ ಸ್ವಲ್ಪ ಕಲರ್ ಬ್ಲೆಂಡ್ ಮಾಡಿದ್ರೆ ಬಣ್ಣ ಹಾಕಿದೀವಿ ಅಂತ ಯಾರಿಗೂ ಗೊತ್ತಾಗಲ್ಲ" ಎಂದಳು. ಕೆಲಸ ಬಲ್ಲ ಹುಡುಗಿ. ಅವಳ ಬೆರಳು ನನ್ನ ಕತ್ತಿನ ಹತ್ತಿರ ಕೂದಲನ್ನು ಪದರ ಪದರವಾಗಿ ಬಿಡಿಸುತ್ತಿದ್ದ ಹಾಗೆ ನನಗೆ ಕೂತಿರಲು ಆಗಲಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಸುಳ್ಳು ಹೇಳಿ ಎದ್ದುಬಂದೆ. ಮಗಳಿಗೆ ಸಿಟ್ಟು ಬಂತು. ಐವತ್ತು ವರ್ಷದ ಹತ್ತಿರ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಆಟೋದಲ್ಲಿ ಕೂತು ಅವಳಿಗೆ ಹೇಳುವುದು ಹೇಗೆ? ಇಲ್ಲಿ ಬರೆಯುತ್ತಿದ್ದೇನೆ, ಓದಿದರೆ ಓದಿಕೊಳ್ಳಲಿ.

ಎಪ್ಪತ್ತರ ದಶಕದ ನಡುಭಾಗ ಅದು. ನನಗೆ ಇಪ್ಪತ್ತೊಂದು ವರ್ಷ. ರಾಜಾಜಿನಗರದಲ್ಲಿ ಎರಡು ಕೋಣೆ, ಒಂದು ಹಜಾರ, ಹಿತ್ತಿಲಲ್ಲಿ ಒಂದು ಸೀಬೆ ಗಿಡ ಇದ್ದ ಮನೆ ನಮ್ಮದು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ಒಬ್ಬಳೇ ಮಗಳು. ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಮನೆಯಿಂದ ನಡೆದೇ ಹೋಗಬಹುದಾದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಿಚ್ಚು ತಯಾರಿಸುವ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಓದಿನಲ್ಲಿ ಸಾಧಾರಣ, ಬಣ್ಣದಲ್ಲಿ ಸಾಧಾರಣ, ಹಾಡು ಹಸೆ ಬಾರದು. ಹೇಳಿಕೊಳ್ಳುವಂಥದ್ದು ಏನಾದರೂ ನನ್ನಲ್ಲಿದ್ದರೆ ಅದು ಕೂದಲು ಮಾತ್ರ. ಮಂಡಿ ಮುಟ್ಟುತ್ತಿತ್ತು.

ಅದನ್ನು ಹೇಳಿಕೊಳ್ಳುವ ಕೆಲಸ ಅಮ್ಮನದು. ತರಕಾರಿಯವಳಿಂದ ಹಿಡಿದು ಅಪ್ಪನ ಆಫೀಸಿನ ಹೆಡ್ ಕ್ಲಾರ್ಕಿನ ಹೆಂಡತಿಯವರೆಗೆ ಯಾರು ಬಂದರೂ ಹತ್ತು ನಿಮಿಷದೊಳಗೆ ಮಾತು ನನ್ನ ಜಡೆಗೆ ಬಂದು ನಿಲ್ಲುತ್ತಿತ್ತು. ಒಮ್ಮೊಮ್ಮೆ ನನ್ನನ್ನು ಕರೆದು, ಭುಜ ಹಿಡಿದು ತಿರುಗಿಸಿ ಬೆನ್ನು ತೋರಿಸುತ್ತಿದ್ದಳು. ಬಂದವರು ನನ್ನ ಮುಖ ನೋಡುವ ಮೊದಲು ಬೆನ್ನು ನೋಡಿರುತ್ತಿದ್ದರು. ಪ್ರತಿ ಭಾನುವಾರ ಹರಳೆಣ್ಣೆ ಬೆಚ್ಚಗೆ ಮಾಡಿ ನನ್ನ ತಲೆಗೆ ಒತ್ತಿ, ಸೀಗೆಪುಡಿ ಹಾಕಿ ತಿಕ್ಕಿ, ಹಿತ್ತಿಲಲ್ಲಿ ಕೂರಿಸಿ ಸಾಂಬ್ರಾಣಿ ಹೊಗೆ ಹಿಡಿದು ಒಣಗಿಸುವುದರಲ್ಲಿ ಅವಳ ಅರ್ಧ ದಿನ ಹೋಗುತ್ತಿತ್ತು. ನನಗೆ ಅದನ್ನೆಲ್ಲ ಕಂಡರೆ ರೇಗುತ್ತಿತ್ತು.

ಅಮ್ಮನಿಗೂ ಒಂದು ಕಾಲದಲ್ಲಿ ಅಂಥದ್ದೇ ಕೂದಲಿತ್ತಂತೆ. ನನಗೆ ಹನ್ನೆರಡು ವರ್ಷ ಆಗಿದ್ದಾಗ ಅವಳಿಗೆ ಟೈಫಾಯಿಡ್ ಬಂತು. ಬದುಕಿದಳು, ಕೂದಲು ಹೋಯಿತು. ಮತ್ತೆ ಬಂದದ್ದು ತೆಳ್ಳಗೆ, ಅರ್ಧ ನರೆತು ಬಂತು. ಮನೆಯಲ್ಲಿ ಒಂದು ನಿಂಬೆಹಣ್ಣಿನಷ್ಟು ಗಂಟು ಕಟ್ಟಿಕೊಂಡು ಓಡಾಡುತ್ತಿದ್ದಳು. ತವರಿನವರ ಮುಂದೆ ಮಾತ್ರ ಹಾಗೆ ಕಾಣಿಸಿಕೊಂಡವಳಲ್ಲ. ಅವಳ ತಮ್ಮನ ಹೆಂಡತಿ, ನನ್ನ ಅತ್ತೆ, ಬಾಯಿ ಜೋರಿನ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ ಇಡೀ ಮನೆ ಅಮ್ಮನ ಜಡೆಯನ್ನು ಹೊಗಳುವುದನ್ನು ಕೇಳಿ ಕೇಳಿ ಅತ್ತೆಗೆ ಸಾಕಾಗಿತ್ತೆಂದು ಕಾಣುತ್ತದೆ. ಅವರ ಕಣ್ಣಿಗೆ ತನ್ನ ಬೋಳು ನೆತ್ತಿ ಬೀಳಬಾರದು ಎಂಬುದು ಅಮ್ಮನ ಹಟ. ಕಾಯಿಲೆಯ ವಿಷಯ ಗೊತ್ತಿತ್ತು, ಕೂದಲಿನ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಅವಳು ಜಡೆಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದ ಚೌರಿ.

ಬಾಚಿದಾಗ ಉದುರುವ ಕೂದಲನ್ನು ನಮ್ಮ ಕಡೆ ಹೆಂಗಸರು ಬಿಸಾಕುತ್ತಿರಲಿಲ್ಲ. ಬೆರಳಿಗೆ ಸುತ್ತಿ ಕಿಟಕಿಯ ಸಂದಿಯಲ್ಲೋ ಡಬ್ಬಿಯಲ್ಲೋ ಸೇರಿಸಿಡುತ್ತಿದ್ದರು. ಕಾಯಿಲೆ ಬರುವ ಮೊದಲು ಉದುರಿದ ಕಪ್ಪು ಕೂದಲು, ಕಾಯಿಲೆಯಲ್ಲಿ ಹಿಡಿ ಹಿಡಿಯಾಗಿ ಕೈಗೆ ಬಂದದ್ದು, ಆಮೇಲಿನ ನರೆತದ್ದು, ಎಲ್ಲವನ್ನೂ ಅಮ್ಮ ಬಿಸ್ಕತ್ತಿನ ಹಳೇ ಡಬ್ಬಿಯೊಂದರಲ್ಲಿ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಇಟ್ಟಿದ್ದಳು. ಹೇರೋಹಳ್ಳಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಪಿನ್ನು, ಟೇಪು, ಬಾಚಣಿಗೆ ಮಾರುತ್ತ, ಕೂದಲು ಕೊಟ್ಟರೆ ಚೌರಿ ಕಟ್ಟಿಕೊಡುತ್ತ ಬೀದಿ ಬೀದಿ ತಿರುಗುವವಳು. ಅವಳು ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಎರಡು ದಿನ ಆ ಚೌರಿ ಕಟ್ಟಿದಳು. ಸಿಕ್ಕು ಬಿಡಿಸಿ, ಉದ್ದ ನೋಡಿ ಜೋಡಿಸಿ, ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಹೊಸೆದಳು. ಅಮ್ಮ ಎದುರಿಗೆ ಕೂತು ಎಳೆ ಎಳೆಗೂ ಹೇಳುತ್ತಿದ್ದಳು. ಮೇಲೆ, ಕತ್ತಿಗೆ ಸೇರುವ ಕಡೆ, ನರೆತದ್ದು ಹೆಚ್ಚು. ಕೆಳಗೆ ಹೋಗುತ್ತಾ ಹೋಗುತ್ತಾ ಕಪ್ಪು. ನಡುವೆ ಎರಡೂ ಬೆರೆತದ್ದು. ತುದಿಗೆ ಬರುವಾಗ ಮೂರು ಅಂತಸ್ತಾಗಿ ಸಣ್ಣದಾಗಬೇಕು, ಒಮ್ಮೆಲೇ ಕತ್ತರಿಸಿದ ಹಾಗೆ ಇರಬಾರದು. ಕಟ್ಟಿ ಮುಗಿದಾಗ ಅಮ್ಮನ ಸ್ವಂತ ಕೂದಲು ಎಲ್ಲಿ ಮುಗಿಯುತ್ತದೆ, ಚೌರಿ ಎಲ್ಲಿ ಶುರುವಾಗುತ್ತದೆ ಎಂದು ಮಗಳಾದ ನನಗೇ ತಿಳಿಯುತ್ತಿರಲಿಲ್ಲ.

ಆಗ ನಾನು ಹೈಸ್ಕೂಲು ಹುಡುಗಿ. ಮೂಗು ಮುಚ್ಚಿಕೊಂಡು, ಸತ್ತ ಕೂದಲನ್ನು ತಲೆಗೆ ಕಟ್ಟಿಕೊಳ್ಳುತ್ತೀಯಲ್ಲಾ ಎಂದು ಅಮ್ಮನನ್ನು ಗೇಲಿ ಮಾಡಿದ್ದೆ. ಅವಳು ನಕ್ಕಳು. ಮದುವೆ ಮುಂಜಿ ಇದ್ದರೆ ಮಾತ್ರ ಚೌರಿ ಇಟ್ಟಿದ್ದ ಆ ಡಬ್ಬಿ ಅಟ್ಟದಿಂದ ಇಳಿಯುತ್ತಿತ್ತು.

ನನ್ನ ಇಪ್ಪತ್ತೊಂದನೆಯ ವರ್ಷಕ್ಕೆ ಬರುತ್ತೇನೆ. ಮಾವನ ಮಗಳ ಮದುವೆ ನಿಶ್ಚಯವಾಯಿತು. ಆ ಮದುವೆಗೆ ಕೆಂಗೇರಿ ಕಡೆಯ ಒಂದು ಮನೆಯವರು ಬರುತ್ತಾರೆ, ಅವರ ಮಗ ಇಂಜಿನಿಯರು, ಹಾಗೇ ಸುಮ್ಮನೆ ನನ್ನನ್ನು ನೋಡಿಕೊಂಡು ಹೋಗುತ್ತಾರೆ ಎಂದು ಏರ್ಪಾಡಾಯಿತು. ಅಮ್ಮ ಆಗಲೇ ಅವರಿಗೆ ಹೇಳಿಕಳಿಸಿದ್ದಳು, ಹುಡುಗಿಗೆ ಮಂಡಿ ತನಕ ಕೂದಲು ಅಂತ. ಅದನ್ನು ಕೇಳಿ ನನಗೆ ಮೈ ಉರಿಯಿತು. ನಿಮಿಷಕ್ಕೆ ಅಷ್ಟು ಪದ ಟೈಪ್ ಮಾಡುತ್ತೇನೆ, ಮನೆಗೆ ಸಂಬಳ ತಂದುಕೊಡುತ್ತೇನೆ, ಇವಳು ನೋಡಿದರೆ ನನಗಲ್ಲ, ನನ್ನ ಕೂದಲಿಗೆ ಗಂಡು ಹುಡುಕುತ್ತಿದ್ದಾಳೆ ಅನ್ನಿಸಿತು. ಆ ಸಿಟ್ಟು ಇವತ್ತಿಗೂ ನನಗೆ ತಪ್ಪೆಂದು ಕಾಣುವುದಿಲ್ಲ. ತಪ್ಪು ಆಮೇಲೆ ಮಾಡಿದ್ದು.

ಆಫೀಸಿನಲ್ಲಿ ಟೆಲಿಫೋನ್ ಬೋರ್ಡ್ ನೋಡಿಕೊಳ್ಳುವ ಹುಡುಗಿಯೊಬ್ಬಳು ಕಂಟೋನ್ಮೆಂಟ್ ಕಡೆಯಿಂದ ಬರುತ್ತಿದ್ದಳು. ಅವಳದು ಸ್ಟೆಪ್ ಕಟ್. ಕೂದಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಭುಜದ ಮೇಲೆ ಹಗುರವಾಗಿ ಕೂರುತ್ತಿತ್ತು, ತಲೆ ತಿರುಗಿಸಿದರೆ ಅದೂ ತಿರುಗುತ್ತಿತ್ತು. ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವಳ ಜೊತೆ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆ ಕಡೆಯ ಒಂದು ಚೀನೀ ಪಾರ್ಲರಿಗೆ ಹೋದೆ. ಉದ್ದ ಹಾಗೇ ಇರಲಿ, ಸ್ಟೆಪ್ ಮಾತ್ರ ಮಾಡಿ ಎಂದು ಹೇಳಬೇಕೆಂದುಕೊಂಡಿದ್ದೆ, ಹೇಳಿದೆ ಕೂಡ. ಆ ಚೀನೀ ಹೆಂಗಸು ನನ್ನ ಜಡೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಇಷ್ಟು ಭಾರ ಇದ್ದರೆ ಸ್ಟೆಪ್ ನಿಲ್ಲುವುದಿಲ್ಲ, ತುದಿ ಪೂರ್ತಿ ಸೀಳಿದೆ ಎಂದು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. ಸರಿ ಅಂದೆ. ನೀರು ಚಿಮುಕಿಸಿ, ತಲೆಯನ್ನು ಭಾಗ ಭಾಗ ಮಾಡಿ ಕ್ಲಿಪ್ಪು ಹಾಕಿ, ಕೆಳಗಿನ ಪದರದಿಂದ ಶುರು ಮಾಡಿದರು. ಮೊದಲ ಪದರ ಬೆನ್ನಿನ ನಡುವಿಗೆ ನಿಂತಿತು, ಎರಡನೆಯದು ಹೆಗಲಿಗೆ, ಮೇಲಿನದು ಕಿವಿಯ ಕೆಳಗೆ. ಎದ್ದಾಗ ಕತ್ತು ತಾನಾಗಿ ಮೇಲಕ್ಕೆ ಹೋಯಿತು, ಅಷ್ಟು ಹಗುರ. ಕನ್ನಡಿಯಲ್ಲಿ ನಾನು ಚೆನ್ನಾಗಿ ಕಂಡೆ. ಅದನ್ನೂ ಹೇಳಬೇಕು, ನಿಜವಾಗಿ ಚೆನ್ನಾಗಿ ಕಂಡೆ.

ಬಸ್ಸು ಓಕಳಿಪುರ ದಾಟುವಷ್ಟರಲ್ಲಿ ಆ ಖುಷಿ ಪೂರ್ತಿ ಇಳಿದಿತ್ತು. ಕತ್ತರಿಸುವ ಧೈರ್ಯ ಇತ್ತು, ತೋರಿಸುವ ಧೈರ್ಯ ಇರಲಿಲ್ಲ. ಬಸ್ ಸ್ಟಾಪಿನಲ್ಲಿ ಇಳಿದವಳೇ ಕೂದಲನ್ನು ಸುತ್ತಿ ಪಿನ್ನು ಚುಚ್ಚಿ ಗಂಟು ಹಾಕಿಕೊಂಡು, ಸೆರಗು ಹೊದ್ದು, ತಲೆನೋವು ಎಂದು ಹೇಳಿ ಮಲಗಿಬಿಟ್ಟೆ. ಮರುದಿನ ಭಾನುವಾರ ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದರೆ, ಇನ್ನು ಮೇಲೆ ನಾನೇ ಹಚ್ಚಿಕೊಳ್ಳುತ್ತೇನೆ, ನಾನೇನು ಚಿಕ್ಕ ಮಗುವಾ ಎಂದು ರೇಗಿದೆ. ಅವಳು ಬಟ್ಟಲನ್ನು ಬಚ್ಚಲ ಗೂಡಿನಲ್ಲಿಟ್ಟು ಹೋದಳು. ಮುಖ ಸಣ್ಣದಾಗಿತ್ತು.

ಆದರೆ ಎಷ್ಟು ದಿನ ಗಂಟು ಹಾಕಿಕೊಂಡು ಓಡಾಡುವುದು? ಜಡೆ ಹೆಣೆದರೆ ಕೆಳಗೆ ಇಲಿಯ ಬಾಲ, ಮೇಲೆ ಅಲ್ಲಲ್ಲಿ ಎದ್ದು ನಿಂತ ತುಂಡು ಕೂದಲು. ಆಗ ಅಟ್ಟದ ಮೇಲಿನ ಡಬ್ಬಿ ನೆನಪಾಯಿತು. ಮಂಗಳವಾರ ಅಮ್ಮ ದೇವಸ್ಥಾನಕ್ಕೆ ಹೋದಾಗ ಇಳಿಸಿದೆ. ಚೌರಿ ಉದ್ದಕ್ಕೆ ಸರಿಯಾಗಿತ್ತು, ಬಣ್ಣ ಸರಿಯಾಗಿರಲಿಲ್ಲ. ಮೇಲಿನ ಒಂದು ಗೇಣು ಉಪ್ಪು ಮೆಣಸು ಬೆರೆತ ಹಾಗೆ. ಇಪ್ಪತ್ತೊಂದರ ಹುಡುಗಿಯ ಬೆನ್ನ ಮೇಲೆ ನರೆಗೂದಲು ನೇತಾಡಿದರೆ ಹೇಗೆ?

ಅಪ್ಪ ತಿಂಗಳಿಗೆ ಎರಡು ಭಾನುವಾರ ಮೀಸೆಗೆ ಬಣ್ಣ ಹಾಕುತ್ತಿದ್ದರು. ಎರಡು ಪುಟ್ಟ ಬಾಟಲಿ, ಒಂದು ಹಳೇ ಟೂತ್ ಬ್ರಷ್ಷು, ಒಂದು ತೆಂಗಿನ ಚಿಪ್ಪು. ಮನೆಯಲ್ಲಿ ಅದರ ವಾಸನೆ ಎಲ್ಲರಿಗೂ ಅಭ್ಯಾಸವಾಗಿತ್ತು. ಬಣ್ಣ ಹಾಕಿ ಎರಡು ವಾರಕ್ಕೆ ಅವರ ಮೀಸೆಯ ಬುಡದಲ್ಲಿ ಮತ್ತೆ ಬಿಳಿ ಕಾಣುತ್ತಿತ್ತು. ನಾನು ಅದನ್ನು ನೋಡಿ ನೋಡಿ, ಈ ಬಣ್ಣ ಎರಡು ವಾರಕ್ಕೆ ತೊಳೆದುಹೋಗುತ್ತದೆ ಎಂದೇ ತಿಳಿದಿದ್ದೆ. ಮದುವೆಗೆ ಇನ್ನೂ ಐದು ವಾರ ಇತ್ತು. ಅಷ್ಟರಲ್ಲಿ ಚೌರಿ ತನ್ನ ಮೊದಲಿನ ಬಣ್ಣಕ್ಕೆ ಬರುತ್ತದೆ, ನನ್ನ ಕೂದಲೂ ಒಂದಿಷ್ಟು ಬೆಳೆಯುತ್ತದೆ, ಡಬ್ಬಿಯಲ್ಲಿ ಹಾಗೇ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಎರಡೂ ಬಾಟಲಿ ಖಾಲಿ ಮಾಡಿ, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಹರಡಿಕೊಂಡು, ಎಳೆ ಬಿಡದೆ ಬ್ರಷ್ಷಿನಲ್ಲಿ ತೀಡಿದೆ. ಅರ್ಧ ಗಂಟೆಯಲ್ಲಿ ಚೌರಿ ಇದ್ದಿಲಿನ ಹಾಗೆ ಕಪ್ಪಾಯಿತು. ಮುಂದಿನ ಭಾನುವಾರ ಅಪ್ಪ ಬಾಟಲಿ ಅಲ್ಲಾಡಿಸಿ, ಅಂಗಡಿಯವನು ಅರ್ಧ ತುಂಬಿಸಿ ಕೊಡುತ್ತಾನೆ ಕಳ್ಳ ಎಂದು ಬೈದು, ಅವನ ಹತ್ತಿರ ಜಗಳಕ್ಕೂ ಹೋಗಿಬಂದರು.

ನಾಲ್ಕು ವಾರ ಅದನ್ನು ಕಟ್ಟಿಕೊಂಡು ಓಡಾಡಿದೆ. ಕಿವಿಯ ಹತ್ತಿರದ ತುಂಡು ಕೂದಲಿಗೆ ಕ್ಲಿಪ್ಪು ಹಾಕಿ, ಇದು ಈಗಿನ ಫ್ಯಾಷನ್ ಎಂದು ಅಮ್ಮನಿಗೆ ಹೇಳಿದೆ. ಆಫೀಸಿಗೆ ಹೋದಮೇಲೆ ಬಾತ್‌ರೂಮಿನಲ್ಲಿ ಚೌರಿ ಬಿಚ್ಚಿ ಕೈಚೀಲದಲ್ಲಿಟ್ಟುಕೊಂಡು, ಕೂದಲು ಹರವಿಕೊಂಡು ಮೆರೆಯುತ್ತಿದ್ದೆ. ಸಂಜೆ ಮತ್ತೆ ಕಟ್ಟಿಕೊಂಡು ಮನೆಗೆ. ಅಮ್ಮನ ಕೂದಲು ಟಿಫಿನ್ ಡಬ್ಬಿಯ ಪಕ್ಕದಲ್ಲಿ ಇಡೀ ದಿನ ಬಿದ್ದಿರುತ್ತಿತ್ತು.

ಮದುವೆಗೆ ಹತ್ತು ದಿನ ಇರುವಾಗಲೂ ಬಣ್ಣ ಒಂದು ಚೂರೂ ಇಳಿದಿರಲಿಲ್ಲ. ಅಂಟುವಾಳದಲ್ಲಿ ತೊಳೆದೆ, ಬಟ್ಟೆ ಸೋಪಿನಲ್ಲಿ ತೊಳೆದೆ, ನಿಂಬೆಹಣ್ಣು ಹಿಂಡಿದೆ. ಕೂದಲು ಒರಟಾಯಿತೇ ಹೊರತು ಬೆಳ್ಳಗಾಗಲಿಲ್ಲ. ಆಗ ನನಗೆ ಹೆದರಿಕೆ ಶುರುವಾಯಿತು. ಅಮ್ಮ ಆ ಹೊತ್ತಿಗೆ ಹಜಾರದಲ್ಲಿ ಸೀರೆ ಹರವಿಕೊಂಡು, ಮುಹೂರ್ತಕ್ಕೆ ಯಾವುದು, ಆರತಕ್ಷತೆಗೆ ಯಾವುದು ಎಂದು ನನ್ನನ್ನೇ ಕೇಳುತ್ತಿದ್ದಳು. ತಮ್ಮನ ಮನೆಯ ಮೊದಲನೇ ಮದುವೆ, ಅವಳೇ ಹಿರಿಯಕ್ಕ, ಎಲ್ಲಾ ಶಾಸ್ತ್ರಕ್ಕೂ ಅವಳೇ ಮುಂದೆ ನಿಲ್ಲಬೇಕು.

ಮದುವೆಗೆ ಐದು ದಿನ ಇದ್ದಾಗ ಆಫೀಸಿಗೆ ರಜೆ ಹಾಕಿ, ಮನೆಯಲ್ಲಿ ಹೇಳದೆ ಮಾಗಡಿ ರಸ್ತೆಯ ಬಸ್ಸು ಹತ್ತಿ ಹೇರೋಹಳ್ಳಿಗೆ ಹೋದೆ. ಆಗ ಅದು ಪೂರ್ತಿ ಹಳ್ಳಿ. ಬಸ್ಸಿಳಿದು ರಾಗಿ ಹೊಲದ ಬದುವಿನ ಮೇಲೆ ನಡೆದು, ಕೇಳಿ ಕೇಳಿ ಚೌರಿಯವಳ ಮನೆ ಹುಡುಕಿದೆ. ಅವಳು ಬಾಗಿಲಲ್ಲಿ ಕೂತು ಸಿಕ್ಕು ಬಿಡಿಸುತ್ತಿದ್ದಳು. ನಾನು ಕೈಚೀಲದಿಂದ ತೆಗೆದುಕೊಟ್ಟದ್ದನ್ನು ನೋಡಿದಳು, ಹೆಣಿಗೆಯನ್ನು ಬೆರಳಿನಲ್ಲಿ ಸವರಿದಳು, ಆಮೇಲೆ ನನ್ನ ಮುಖ ನೋಡಿದಳು. ತಾನು ಕಟ್ಟಿದ ಗಂಟು ಅವಳಿಗೆ ಗುರುತು ಸಿಕ್ಕಿತ್ತು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಮೀಸೆಯಲ್ಲಿ ಬಿಳಿ ಕಾಣುವುದು ಬಣ್ಣ ಹೋಗಿ ಅಲ್ಲ, ಕೆಳಗಿನಿಂದ ಹೊಸ ಕೂದಲು ಬೆಳೆದು ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ತಲೆಯ ಮೇಲಿಲ್ಲದ ಕೂದಲು ಬೆಳೆಯುವುದಿಲ್ಲ, ಆದ್ದರಿಂದ ಇದು ಇನ್ನು ಹೀಗೇ. ಬೇರೆ ಯಾರದಾದರೂ ನರೆತದ್ದು ಸೇರಿಸಿ ಹೊಸದು ಕಟ್ಟಿಕೊಡು ಎಂದು ಬೇಡಿಕೊಂಡೆ. ಅವಳು ಆಗದು ಎಂದು ತಲೆಯಾಡಿಸಿದಳು.

"ಅವತ್ತು ಪೂರಾ ಕರೀದೇ ಕಟ್ಕೊಡ್ತೀನಿ, ವಯಸ್ಸು ಕಮ್ಮಿ ಕಾಣುತ್ತೆ ಅಂದೆ ಕಣವ್ವ. ನಿಮ್ಮಮ್ಮ ಒಪ್ಲಿಲ್ಲ. ನಂಗೆ ವಯಸ್ಸು ಕಮ್ಮಿ ಕಾಣೋದು ಬ್ಯಾಡ, ನಂದೇ ಕೂದ್ಲು ಅಂತ ಕಾಣ್ಬೇಕು ಅಂದ್ರು. ಬೇರೆಯೋರ್ದು ಹಾಕಿದ್ರೆ ಅವ್ರಿಗೆ ತಿಳಿಯಲ್ವಾ? ಹೋಗಿ ಹೇಳ್ಬುಡು. ಇನ್ನೂ ಐದು ದಿನ ಅದೆ. ಅವ್ರ ತಲೇದು, ಡಬ್ಬೀದು, ಎಷ್ಟಿದ್ರೆ ಅಷ್ಟು ಕೊಡ್ಲಿ, ನಾ ಬಂದು ಕೂತು ಸಣ್ಣದೊಂದು ಕಟ್ಕೊಡ್ತೀನಿ."

ದಾರಿ ಇತ್ತು ಎಂಬುದನ್ನು ನೋಡಿ. ಹೇಳಿದರೆ ಸಾಕಿತ್ತು. ಬಸ್ಸಿನಲ್ಲಿ ಬರುವಾಗ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಮನೆಗೆ ಬಂದರೆ ಅಮ್ಮ ಕೆಂಗೇರಿಯವರಿಗೆ ಕೊಡಲು ಕೋಡುಬಳೆ ಕರಿಯುತ್ತಿದ್ದಳು. ಒಂದು ಮುರಿದು ನನ್ನ ಬಾಯಿಗೆ ಹಾಕಿ, ಉಪ್ಪು ಸರಿ ಇದೆಯಾ ಎಂದು ಕೇಳಿದಳು. ಸರಿ ಇದೆ ಎಂದೆ. ಆ ಹೊತ್ತು ಹೋಯಿತು. ಮರುದಿನ ಹೇಳೋಣ ಎಂದುಕೊಂಡೆ, ಮರುದಿನವೂ ಹೇಳಲಿಲ್ಲ. ಮೂರನೆಯ ದಿನ ಚೌರಿಯನ್ನು ಮಡಿಸಿ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಸೇರಿಸಿ, ಗಂಟು ಹಾಕಿಕೊಂಡು, ಮದುವೆ ದಿನ ನೀನೇ ಚೆನ್ನಾಗಿ ಹೆಣೆದುಕೊಡು ಎಂದು ಅಮ್ಮನಿಗೆ ಬೆಣ್ಣೆ ಹಚ್ಚಿದೆ. ಹೇಡಿ ಆಗಿದ್ದೆ, ಅಷ್ಟೇ.

ಛತ್ರ ನಮ್ಮ ಮನೆಗೆ ದೂರವಿರಲಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಹೋದೆವು. ಮಹಡಿಯ ಮೇಲಿನ ಒಂದು ಸಣ್ಣ ಕೋಣೆಯನ್ನು ಮಾವ ಅಕ್ಕನಿಗೆಂದೇ ಬಿಡಿಸಿಕೊಟ್ಟಿದ್ದರು. ಅಮ್ಮ ಜರಿಸೀರೆ ಉಟ್ಟು, ಬಾಗಿಲ ಚಿಲಕ ಹಾಕಿಸಿ, ಗೋಡೆಯ ಕಡೆ ಮುಖ ಮಾಡಿ ಕೂತು ಡಬ್ಬಿ ತೆಗೆದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕಾಗದ ಬಿಚ್ಚುವ ಸದ್ದು ನಿಂತಿತು. ಕೆಳಗೆ ವಾಲಗದವರು ಶ್ರುತಿ ಮಾಡಿಕೊಳ್ಳುತ್ತಿದ್ದರು.

ತಿರುಗಿದವಳು ಚೌರಿಯನ್ನು ನನಗೆ ತೋರಿಸಲಿಲ್ಲ, ಏನೆಂದು ಕೇಳಲಿಲ್ಲ. ಎದ್ದು ಬಂದು ನನ್ನ ಗಂಟಿನ ಪಿನ್ನು ಒಂದೊಂದಾಗಿ ಕಿತ್ತಳು. ಕೂದಲು ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚಿಕೊಂಡಿತು. ಅವಳ ಬೆರಳು ಮೇಲಿನ ಪದರ, ನಡುವಿನ ಪದರ, ಕೆಳಗಿನ ಪದರ ಎಂದು ಅಳೆಯುವ ಹಾಗೆ ಇಳಿದು ಬೆನ್ನಿನ ನಡುವೆ ನಿಂತಿತು. ಅದಕ್ಕಿಂತ ಕೆಳಗೆ ಏನೂ ಇರಲಿಲ್ಲ.

"ಯಾವಾಗ?" ಎಂದಳು.

"ಹೋದ ತಿಂಗಳು."

"ಕೂತ್ಕೋ."

ಎಣ್ಣೆಯ ಕೈಯಲ್ಲಿ ಮೇಲಿನ ತುಂಡು ಕೂದಲನ್ನು ನಯ ಮಾಡಿ ಕೂರಿಸಿದಳು. ಚೌರಿಯ ಕುಣಿಕೆಯನ್ನು ನನ್ನ ಕತ್ತಿನ ಹತ್ತಿರ ಕೂದಲಿಗೆ ಬಿಗಿದಳು. ಅದನ್ನು ನನಗೇ ಕಟ್ಟಿದರೆ ಅವಳ ತಲೆಗೆ ಏನೂ ಉಳಿಯುವುದಿಲ್ಲ ಎಂಬುದು ಅರ್ಥವಾಗಿ ನಾನು ತಲೆ ಹಿಂದಕ್ಕೆಳೆದುಕೊಂಡೆ.

"ಅಮ್ಮಾ, ಮತ್ತೆ ನಿಂಗೆ?"

"ಅವರಿಗೆ ಮಂಡಿ ತನಕ ಅಂತ ಹೇಳಿದೀನಿ. ತಲೆ ಬಗ್ಗಿಸು, ಹೊತ್ತಾಗ್ತಿದೆ."

ಅವಳು ಹೆಣೆದ ಹಾಗೆ ನಾನು ಆ ನಾಲ್ಕು ವಾರದಲ್ಲಿ ಒಂದು ದಿನವೂ ಹೆಣೆದುಕೊಂಡಿರಲಿಲ್ಲ. ನನ್ನ ಪ್ರತಿ ಪದರವೂ ಎಲ್ಲಿ ಮುಗಿಯುತ್ತದೋ ಅಲ್ಲಿ ಚೌರಿಯ ಒಂದು ಎಳೆಯನ್ನು ಒಳಗೆ ತೆಗೆದುಕೊಂಡು, ತುಂಡು ತುದಿಗಳನ್ನು ಅದರಡಿ ಮುಚ್ಚುತ್ತ ಹೋದಳು. ಸೋಪಿನಲ್ಲಿ ತೊಳೆದು ಒರಟಾದ ಜಾಗಕ್ಕೆ ಬಂದಾಗ ಅವಳ ಕೈ ಒಂದು ಕ್ಷಣ ತಡೆಯಿತು, ಮತ್ತೆ ಮುಂದುವರಿಯಿತು. ಜಡೆಯನ್ನು ಮುಂದಕ್ಕೆ ತಂದು ನನ್ನ ತೊಡೆಯ ಮೇಲೆ ಹಾಕಿದಾಗ ಅದು ನನ್ನದಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಆಮೇಲೆ ತನ್ನ ಕೂದಲನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡಳು. ತಂದಿದ್ದ ಮಲ್ಲಿಗೆ ದಂಡೆಯನ್ನು ಮುಡಿಯಲು ನೋಡಿದಳು, ಆ ಗಂಟಿಗೆ ದಂಡೆ ನಿಲ್ಲಲಿಲ್ಲ. ಪೂರ್ತಿ ನನಗೇ ಮುಡಿಸಿದಳು. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಸೆರಗು ಸರಿಮಾಡಿಕೊಂಡು, ಚಿಲಕ ತೆಗೆದಳು.

ಮೆಟ್ಟಿಲಿನಲ್ಲೇ ಅತ್ತೆ ಎದುರಾದರು. ಅವರ ಕಣ್ಣು ಅಮ್ಮನ ತಲೆಯ ಮೇಲೆ ನಿಂತಿತು. ಅತ್ತಿಗೆ, ಇದೇನು ಹೀಗಾಗಿದೆ, ಎಲ್ಲಿ ಹೋಯಿತು ನಿಮ್ಮ ಜಡೆ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ವಿಚಾರಿಸಿದರು. ಅಮ್ಮ, ಟೈಫಾಯಿಡ್ ಆಗಿತ್ತಲ್ಲ ಎಂದಳು. ಅದಾಗಿ ಒಂಬತ್ತು ವರ್ಷ ಆಯಿತಲ್ಲವಾ, ಹೋದ ವರ್ಷ ಮುಂಜಿಗೆ ಬಂದಾಗ ಚೆನ್ನಾಗಿತ್ತಲ್ಲಾ ಎಂದು ಅತ್ತೆ ಬಿಡಲಿಲ್ಲ. ಅವತ್ತು ಚೌರಿ ಕಟ್ಟಿದ್ದೆ, ಇವತ್ತು ಇಲ್ಲ ಎಂದು ಅಮ್ಮ ನೆಟ್ಟಗೆ ಹೇಳಿ ಇಳಿದುಹೋದಳು. ಒಂಬತ್ತು ವರ್ಷ ಬಚ್ಚಿಟ್ಟದ್ದು ಮೂರು ಮಾತಿನಲ್ಲಿ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಛತ್ರಕ್ಕೆ ಸುದ್ದಿ ಹಬ್ಬಿ, ಅವಳು ಆರತಿ ತಟ್ಟೆ ಹಿಡಿದು ಬಗ್ಗಿದಾಗಲೆಲ್ಲ ಹೆಂಗಸರು ಅವಳ ನೆತ್ತಿ ನೋಡುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತು ಅದನ್ನೆಲ್ಲ ನೋಡಿದೆ.

ಊಟವಾದ ಮೇಲೆ ಕೆಂಗೇರಿಯವರು ಬಂದರು. ಹುಡುಗನ ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು, ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಜಡೆ ಅಲ್ಲಾಡಲಿಲ್ಲ, ಅಮ್ಮ ಅಷ್ಟು ಗಟ್ಟಿಯಾಗಿ ಕಟ್ಟಿದ್ದಳು. ಅಜ್ಜಿ ಎದುರಿಗೆ ನಿಂತಿದ್ದ ಅಮ್ಮನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

"ಸದ್ಯ, ತಾಯಿ ಕೂದಲು ಬರ್ಲಿಲ್ಲ ಮಗೂಗೆ."

"ಹೌದು," ಎಂದಳು ಅಮ್ಮ. "ಅವರಪ್ಪನ ಕಡೆದು."

ಸುತ್ತ ಕೂತವರು ನಕ್ಕರು, ಅಮ್ಮನೂ ನಕ್ಕಳು. ಬೆನ್ನ ಮೇಲೆ ಅವಳ ಹತ್ತಾರು ವರ್ಷದ ಕೂದಲನ್ನು ಹೊತ್ತುಕೊಂಡು, ತಲೆ ತಗ್ಗಿಸಿ, ನಾಚಿಕೆಯ ಹುಡುಗಿ ಎಂದು ಅವರೆಲ್ಲ ತಿಳಿದುಕೊಳ್ಳಲಿ ಎಂದು ಕೂತಿದ್ದೆ. ನಾಚಿಕೆಯೇನೋ ಇತ್ತು, ಅವರು ತಿಳಿದ ನಾಚಿಕೆ ಅಲ್ಲ. ಆ ಸಂಬಂಧವೂ ಕೂಡಲಿಲ್ಲ. ಹುಡುಗಿ ಕೆಲಸಕ್ಕೆ ಹೋಗುವುದು ಅವರಿಗೆ ಸರಿಬರಲಿಲ್ಲವಂತೆ.

ಮನೆಗೆ ಬಂದ ಮೇಲೆ ಅಮ್ಮ ಜಡೆ ಬಿಚ್ಚಿ ಚೌರಿಯನ್ನು ನನ್ನ ಕೈಗೆ ಕೊಟ್ಟಳು. ನೀನೇ ಇಟ್ಟುಕೋ, ನನಗೆ ಇನ್ನು ಹೊಂದುವುದಿಲ್ಲ ಎಂದಳು. ಬೈಗುಳವಿಲ್ಲ, ಅಳುವಿಲ್ಲ. ಮುಂದಿನ ಭಾನುವಾರ ಎಣ್ಣೆ ಬಟ್ಟಲು ಹಿಡಿದು ಬಂದಾಗ ನಾನು ಹೋಗಿ ಅವಳ ಮುಂದೆ ಕೂತೆ. ಪದರ ಪದರ ಬಿಡಿಸಿ ಎಣ್ಣೆ ಹಚ್ಚಿದಳು. ಹೀಗೆ ಕತ್ತರಿಸಿದ್ದು ಮುಖಕ್ಕೆ ಒಪ್ಪುತ್ತದೆ ಎಂದೂ ಹೇಳಿದಳು. ಆಮೇಲೆ ತನ್ನ ತಲೆ ಬಾಚಿಕೊಂಡು, ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿದಳು. ಕಿಟಕಿಯ ಸಂದಿಗೆ ಹೋದ ಕೈ ಹಿಂದಕ್ಕೆ ಬಂತು. ಅದನ್ನು ಕಸದ ಬುಟ್ಟಿಗೆ ಹಾಕಿದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ನನ್ನನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಏನೋ ಹುಡುಗಾಟಿಕೆ, ಬಣ್ಣ ಹೋಗುವುದಿಲ್ಲ ಎಂಬುದು ಮದುವೆಯ ದಿನದವರೆಗೂ ನನಗೂ ಗೊತ್ತಿರಲಿಲ್ಲ ಎಂದು ಅಮ್ಮ ನಂಬಿದ್ದಾಳೆ ಅನ್ನಿಸಿತ್ತು. ಸುಮಾರು ಒಂದು ತಿಂಗಳ ಮೇಲೆ, ನಾನು ಆಫೀಸಿಗೆ ಹೊರಡುವ ಹೊತ್ತಿಗೆ, ಬೀದಿಯಲ್ಲಿ ಪಿನ್ನು ಟೇಪು ಎಂದು ಕೂಗುವುದು ಕೇಳಿತು. ನಾನು ಬಾಗಿಲ ಹಿಂದೆ ಸರಿದು ನಿಂತೆ. ಹೇರೋಹಳ್ಳಿಯವಳು ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಕೂದಲು ಇದೆಯಾ ಎಂದು ಕೇಳಿದಳು. ಅಮ್ಮ ಇಲ್ಲ, ಇನ್ನು ಮೇಲೆ ಇರುವುದಿಲ್ಲ ಎಂದಳು. ಚೌರಿಯವಳು ಬುಟ್ಟಿಯ ಪಕ್ಕದಲ್ಲೇ ಕೂತಳು.

"ಮದ್ವೆಗೆ ಐದು ದಿನ ಇದ್ದಂಗೆ ಮಗ್ಳು ನಮ್ಮನೆ ತಂಕ ಬಂದಿತ್ತಲ್ಲ ಅವ್ವ. ಹೇ‍ಳ್ಬುಡು, ನಾ ಬಂದು ಬೇರೆ ಕಟ್ಕೊಡ್ತೀನಿ ಅಂದಿದ್ದೆ. ನೀವು ಹೇಳಿಕಳಿಸ್ತೀರೇನೋ ಅಂತ ಕಾದೆ. ಹೇಳ್ಲಿಲ್ವಾ?"

ಬಾಗಿಲ ಸಂದಿಯಲ್ಲಿ ನನಗೆ ಅಮ್ಮನ ಬೆನ್ನು, ಆ ನಿಂಬೆಹಣ್ಣಿನಷ್ಟು ಗಂಟು ಕಾಣುತ್ತಿತ್ತು. ಐದು ದಿನ ನನಗೆ ಗೊತ್ತಿತ್ತು ಎಂಬುದು ಅವಳಿಗೆ ತಿಳಿದದ್ದು ಆಗ. ಅವಳು ತಲೆ ತಿರುಗಿಸಿ ನಾನು ನಿಂತಿದ್ದ ಬಾಗಿಲನ್ನು ಒಮ್ಮೆ ನೋಡಿದಳು.

"ಹೇಳಿದ್ಲು," ಎಂದಳು. "ಅವತ್ತೇ ಬಂದು ಹೇಳಿದ್ಲು. ನಾನೇ ಬೇಡ ಅಂದೆ."

ಚೌರಿಯವಳು ಬುಟ್ಟಿ ಎತ್ತಿಕೊಂಡು ಹೋದಳು. ಅಮ್ಮ ಒಳಗೆ ಬಂದು, ನನ್ನನ್ನು ದಾಟಿಕೊಂಡು ಅಡಿಗೆಮನೆಗೆ ಹೋಗಿ ನನ್ನ ಟಿಫಿನ್ ಡಬ್ಬಿ ತಂದುಕೊಟ್ಟಳು. ನಾನು ತೆಗೆದುಕೊಂಡು ಆಫೀಸಿಗೆ ಹೋದೆ.